ನಾಲ್ಕು ಮೊಳದ ನೋಟ

ಮೃಗಶಿರಾ ಮಳೆ ಹಿಡಿದ ಮೊದಲ ರಾತ್ರಿಗಳಲ್ಲಿ ಮೇಗರವಳ್ಳಿಯ ರಸ್ತೆಯ ಮೇಲೆ ಮನುಷ್ಯರಿಗಿಂತ ಕಪ್ಪೆಗಳ ಸಂಚಾರವೇ ಹೆಚ್ಚು. ತೀರ್ಥಹಳ್ಳಿಯಿಂದ ಆಗುಂಬೆಗೆ ಸಾಗಿ, ಘಟ್ಟವಿಳಿದು, ಹೆಬ್ರಿ, ಉಡುಪಿಗಳನ್ನು ಹಾದು ಮಲ್ಪೆಯ ಕಡಲನ್ನು ಸೇರುವ ರಾಷ್ಟ್ರೀಯ ಹೆದ್ದಾರಿ ೧೬೯ಎ ಈ ಊರಿನ ಮೂಲಕವೇ ಹೋಗುತ್ತದೆ. ರಸ್ತೆಯ ಒಂದು ಬದಿಗೆ ಗದ್ದೆ, ಇನ್ನೊಂದು ಬದಿಗೆ ತೋಟದ ಕಪ್ಪು ಅಥವಾ ಕಾಡಿನ ಅಂಚು. ಬೇಸಗೆಯುದ್ದಕ್ಕೂ ಮಣ್ಣಿನೊಳಗೆ, ಕಲ್ಲಿನಡಿಯಲ್ಲಿ ಅಡಗಿದ್ದ ಜೀವಗಳು ನೀರಿನ ಕರೆಗೆ ಓಗೊಟ್ಟು ಈ ಬದಿಯಿಂದ ಆ ಬದಿಗೆ ಹೊರಡುತ್ತವೆ. ನಡುವೆ ಡಾಂಬರು ಹಾಸಿದೆ ಎಂಬುದು ಅವುಗಳಿಗೆ ತಿಳಿಯದು. ಬೆಳಗಾದ ಮೇಲೆ ಆ ದಾರಿಯಲ್ಲಿ ಹಾಲಿನ ಕ್ಯಾನು ಹಿಡಿದು ನಡೆಯುವವರು, ಶಾಲೆಗೆ ಹೊರಟ ಮಕ್ಕಳು, ಅಲ್ಲಲ್ಲಿ ಒದ್ದೆ ರಸ್ತೆಗೆ ಅಂಟಿಕೊಂಡ ಚಪ್ಪಟೆ ಗುರುತುಗಳನ್ನು ದಾಟಿಕೊಂಡು ಹೋಗುತ್ತಾರೆ. ಮಧ್ಯಾಹ್ನದ ಮಳೆ ಅವನ್ನೂ ತೊಳೆದುಬಿಡುತ್ತದೆ. ಯಾರೂ ಕೊಲ್ಲಬೇಕೆಂದು ಕೊಂದದ್ದಲ್ಲ; ಎಲ್ಲರಿಗೂ ಬೇಗ ಮನೆ ಸೇರಬೇಕಿತ್ತು, ಅಷ್ಟೆ.

ಈ ಅಷ್ಟೆ ಎಂಬ ಮಾತಿನ ಮುಂದೆ ಜೈನಧರ್ಮ ಸ್ವಲ್ಪ ಹೊತ್ತು ನಿಲ್ಲುತ್ತದೆ.

ದಿಗಂಬರ ಮುನಿಗಳು ಪಾಲಿಸಬೇಕಾದ ಐದು ಸಮಿತಿಗಳಲ್ಲಿ ಮೊದಲನೆಯದು ಈರ್ಯಾ ಸಮಿತಿ. ಸಮಿತಿ ಎಂದರೆ ಎಚ್ಚರದಿಂದ ಕೂಡಿದ ಪ್ರವೃತ್ತಿ. ಈರ್ಯಾ ಎಂದರೆ ಗಮನ, ಅಂದರೆ ನಡಿಗೆ. ಆಚಾರ್ಯ ಕುಂದಕುಂದರು ನಿಯಮಸಾರದಲ್ಲಿ ಇದರ ಲಕ್ಷಣವನ್ನು ಹೇಳುವಾಗ ಮೂರು ಸಂಗತಿಗಳನ್ನು ಮುಂದಿಡುತ್ತಾರೆ. ನಡೆಯುವ ದಾರಿ ಪ್ರಾಸುಕವಾಗಿರಬೇಕು, ಎಂದರೆ ಜೀವಗಳಿಲ್ಲದ, ಜನ-ದನಗಳು ತುಳಿದು ಹದವಾದ ದಾರಿಯಾಗಿರಬೇಕು. ಹೊತ್ತು ಹಗಲಾಗಿರಬೇಕು. ಕಣ್ಣು ಒಂದು ಯುಗದಷ್ಟು ಮುಂದಿನ ನೆಲವನ್ನು ನೋಡುತ್ತಿರಬೇಕು. ಯುಗವೆಂದರೆ ಇಲ್ಲಿ ಕಾಲಮಾನವಲ್ಲ, ಎತ್ತಿನ ಹೆಗಲ ಮೇಲಿನ ನೊಗದ ಅಳತೆ. ನಾಲ್ಕು ಮೊಳ. ಇಂದಿನ ಲೆಕ್ಕದಲ್ಲಿ ಸುಮಾರು ಆರು ಅಡಿ.

ಆರು ಅಡಿಯೇ ಏಕೆ ಎಂಬುದನ್ನು ಸಣ್ಣ ಗಣಿತ ಹೇಳುತ್ತದೆ. ಗಂಟೆಗೆ ೪ ಕಿಲೋಮೀಟರ್ ವೇಗದಲ್ಲಿ ಸಾವಧಾನವಾಗಿ ನಡೆಯುವವರಿಗೆ ಆರು ಅಡಿ ದಾಟಲು ಒಂದೂವರೆ ಸೆಕೆಂಡಿಗಿಂತ ತುಸು ಹೆಚ್ಚು ಹಿಡಿಯುತ್ತದೆ. ನೆಲದ ಮೇಲೆ ಒಂದು ಇರುವೆಸಾಲು ಕಂಡಿತೆಂದರೆ, ಅದನ್ನು ಗುರುತಿಸಿ, ಎತ್ತಿದ ಪಾದವನ್ನು ಬೇರೆಡೆ ಇರಿಸಲು ಆ ಒಂದೂವರೆ ಸೆಕೆಂಡು ಸಾಕು. ಇನ್ನೂ ಹತ್ತಿರ ನೋಡಿದರೆ ಪಾದ ತಪ್ಪಿಸಲು ಸಮಯವಿಲ್ಲ. ತೀರ ದೂರ ನೋಡಿದರೆ ಇರುವೆ ಕಾಣುವುದೇ ಇಲ್ಲ. ಶಾಸ್ತ್ರಕಾರರು ಮನುಷ್ಯನ ಕಣ್ಣು ಮತ್ತು ಕಾಲಿನ ನಡುವಿನ ಒಪ್ಪಂದವನ್ನು ಅಳೆದೇ ಈ ಮಾತನ್ನು ಹೇಳಿದಂತಿದೆ.

ಈಗ ಅದೇ ಮನುಷ್ಯನನ್ನು ಗಂಟೆಗೆ ೬೦ ಕಿಲೋಮೀಟರ್ ವೇಗದಲ್ಲಿ ಹೋಗುವ ವಾಹನದಲ್ಲಿ ಕೂರಿಸಿದರೆ, ಒಂದು ಸೆಕೆಂಡಿಗೆ ಸುಮಾರು ೫೫ ಅಡಿ ದಾರಿ ಸರಿದುಹೋಗುತ್ತದೆ. ನಾಲ್ಕು ಮೊಳ ದಾಟಲು ಸೆಕೆಂಡಿನ ಒಂಬತ್ತನೆಯ ಒಂದು ಭಾಗ ಸಾಕು. ಕಣ್ಣು ಕಂಡದ್ದನ್ನು ಮನಸ್ಸು ಅರಿತು, ಕಾಲು ಬ್ರೇಕಿನ ಮೇಲೆ ಹೋಗುವಷ್ಟರಲ್ಲಿ ಒಂದು ಸೆಕೆಂಡು ಕಳೆದಿರುತ್ತದೆ. ಅಷ್ಟರಲ್ಲಿ ಕಪ್ಪೆ ಹಿಂದುಳಿದಿರುತ್ತದೆ. ವೇಗವನ್ನು ೨೦ಕ್ಕೆ ಇಳಿಸಿದರೆ ಆ ಸೆಕೆಂಡಿನಲ್ಲಿ ಸರಿಯುವುದು ೧೮ ಅಡಿ ಮಾತ್ರ; ದೀಪದ ಬೆಳಕಿನೊಳಗೇ ನೋಟಕ್ಕೂ ಚಕ್ರಕ್ಕೂ ಮತ್ತೆ ಹೊಂದಾಣಿಕೆಯಾಗುತ್ತದೆ. ಹತ್ತು ಕಿಲೋಮೀಟರ್ ದಾರಿಯನ್ನು ಅರವತ್ತರ ವೇಗದಲ್ಲಿ ಹೋದರೆ ೧೦ ನಿಮಿಷ, ಮೂವತ್ತರಲ್ಲಿ ಹೋದರೆ ೨೦ ನಿಮಿಷ. ಇಷ್ಟೆಲ್ಲ ಜೀವಗಳ ಬೆಲೆಗೆ ಕೊಂಡದ್ದು ಹತ್ತು ನಿಮಿಷ. ಆ ಹತ್ತು ನಿಮಿಷವನ್ನು ಮನೆ ಸೇರಿದ ಮೇಲೆ ಯಾವುದಕ್ಕೆ ಬಳಸಲಾಯಿತು ಎಂದು ಮನೆಯವರನ್ನು ಕೇಳಬೇಕು.

ಮೇಗರವಳ್ಳಿಯಿಂದ ಆಗುಂಬೆಯತ್ತ ಹೋಗುವಾಗ ಗುಡ್ಡೇಕೇರಿಯ ಕಡೆಯಿಂದ ಒಂದು ದಾರಿ ಕುಂದಾದ್ರಿಗೆ ತಿರುಗುತ್ತದೆ. ಕಾಡಿನ ನಡುವಿನಿಂದ ನೆಟ್ಟಗೆ ಎದ್ದ ಬಂಡೆಯ ಬೆಟ್ಟ. ನೆತ್ತಿಯ ಮೇಲೆ ಪಾರ್ಶ್ವನಾಥ ತೀರ್ಥಂಕರರ ಬಸದಿ. ಬಂಡೆಯ ಮಡಿಲಲ್ಲಿ ನಿಂತ ನೀರಿನ ಕೊಳಗಳು. ಆಚಾರ್ಯ ಕುಂದಕುಂದರು ಇಲ್ಲಿ ತಪಸ್ಸು ಮಾಡಿದರೆಂಬುದು ಪರಂಪರೆ ಹೇಳುತ್ತ ಬಂದ ಮಾತು. ಬೆಟ್ಟದ ಹೆಸರೂ ಅದನ್ನೇ ನೆನಪಿಸುತ್ತದೆ. ಸಮಯಸಾರ, ಪ್ರವಚನಸಾರ, ಪಂಚಾಸ್ತಿಕಾಯ, ನಿಯಮಸಾರಗಳನ್ನು ಪ್ರಾಕೃತದಲ್ಲಿ ರಚಿಸಿದ ಈ ಆಚಾರ್ಯರ ಹೆಸರನ್ನು ದಿಗಂಬರ ಸಂಪ್ರದಾಯದ ಮಂಗಳಾಚರಣೆಯಲ್ಲಿ ಭಗವಾನ್ ಮಹಾವೀರ ಮತ್ತು ಗೌತಮ ಗಣಧರರ ಬಳಿಕ ಸ್ಮರಿಸುತ್ತಾರೆ. ಅಂಥವರು ನಡಿಗೆಯಂಥ ಸಾಮಾನ್ಯ ವಿಷಯಕ್ಕೆ ಒಂದು ಗಾಹೆಯನ್ನು ಮೀಸಲಿಟ್ಟರು ಎಂಬುದೇ ಗಮನಿಸತಕ್ಕದ್ದು.

ಪ್ರವಚನಸಾರದಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಎದುರಿನ ಜೀವ ಸತ್ತಿತೋ ಬದುಕಿತೋ ಎಂಬುದು ಅಲ್ಲಿ ಮೊದಲ ಪ್ರಶ್ನೆಯಲ್ಲ. ಎಚ್ಚರ ತಪ್ಪಿ ನಡೆದವನಿಗೆ, ಯಾವ ಜೀವವೂ ಸಾಯದಿದ್ದರೂ, ಹಿಂಸೆಯ ದೋಷ ನಿಶ್ಚಿತ. ಸಮಿತಿಯಿಂದ ನಡೆದವನ ಪಾದದಡಿ ಆಕಸ್ಮಿಕವಾಗಿ ಒಂದು ಜೀವ ಸಿಕ್ಕರೂ, ಅಷ್ಟು ಮಾತ್ರದಿಂದ ಅವನಿಗೆ ಬಂಧವಿಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವೂ ಹಿಂಸೆಯನ್ನು ನಿರ್ವಚಿಸುವಾಗ ಪ್ರಾಣ ಹೋಗುವುದನ್ನಷ್ಟೇ ಹೇಳದೆ, ಪ್ರಮಾದದಿಂದ ಕೂಡಿದ ಮನ-ವಚನ-ಕಾಯಗಳ ವ್ಯಾಪಾರವನ್ನು ಮೊದಲು ಹೇಳುತ್ತದೆ.

ಇದನ್ನು ಕೇಳಿದೊಡನೆ ಸಮಾಧಾನಪಟ್ಟುಕೊಳ್ಳುವವರು ಬಹಳ. ‘ಕೊಲ್ಲುವ ಮನಸ್ಸಿರಲಿಲ್ಲ, ಆದ್ದರಿಂದ ದೋಷವಿಲ್ಲ’ ಎಂಬುದು ಸುಲಭದ ಅರ್ಥ. ಆದರೆ ಆಚಾರ್ಯರು ಹೇಳಿದ್ದು ಅದಲ್ಲ. ಕೊಲ್ಲುವ ಮನಸ್ಸಿಲ್ಲದಿರುವುದು ಬೇರೆ, ಉಳಿಸುವ ಎಚ್ಚರವಿರುವುದು ಬೇರೆ. ಇವೆರಡರ ನಡುವಿನ ಜಾಗದ ಹೆಸರೇ ಪ್ರಮಾದ. ಕಾಣಲಾರದ ವೇಗವನ್ನು ಆರಿಸಿಕೊಂಡವನು ‘ಕಾಣಲಿಲ್ಲ’ ಎಂದು ಹೇಳುವುದು ನಿಜವೇ ಆದರೂ, ಆ ಕಾಣದಿರುವಿಕೆಯನ್ನು ಆರಿಸಿಕೊಂಡವನು ಅವನೇ.

ಗೃಹಸ್ಥನಿಗೆ ಶಾಸ್ತ್ರ ರಿಯಾಯಿತಿ ಕೊಟ್ಟಿಲ್ಲವೆಂದಲ್ಲ. ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕು ವಿಧವಾಗಿ ವಿಂಗಡಿಸಿ, ಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆಯನ್ನು ಶ್ರಾವಕನು ಪೂರ್ತಿಯಾಗಿ ಬಿಡಬೇಕೆಂದೂ, ಒಲೆ ಹೊತ್ತಿಸುವ, ಗದ್ದೆ ಉಳುವ, ಜೀವನೋಪಾಯಕ್ಕೆ ದುಡಿಯುವ ಕೆಲಸಗಳಲ್ಲಿ ತಪ್ಪಿಸಲಾಗದ ಹಿಂಸೆಯನ್ನು ಯತ್ನಾಚಾರದಿಂದ ಆದಷ್ಟು ಕಿರಿದು ಮಾಡಬೇಕೆಂದೂ ಹೇಳಲಾಗಿದೆ. ಮಲೆನಾಡಿನ ಮನೆಯಿಂದ ಆಸ್ಪತ್ರೆಗೆ, ಸಂತೆಗೆ, ಕಾಲೇಜಿಗೆ ಹೋಗಬೇಕಾದವರು ವಾಹನ ಹತ್ತದೆ ವಿಧಿಯಿಲ್ಲ. ಪ್ರಯಾಣ ಆರಂಭದ ಲೆಕ್ಕಕ್ಕೋ ಉದ್ಯೋಗದ ಲೆಕ್ಕಕ್ಕೋ ಸೇರಬಹುದು. ಅವಸರ ಯಾವ ಲೆಕ್ಕಕ್ಕೆ ಸೇರುತ್ತದೆ? ಆ ನಾಲ್ಕರಲ್ಲಿ ಅದಕ್ಕೆ ಜಾಗವನ್ನು ಹುಡುಕುವುದು ಕಷ್ಟ.

ಶ್ರಾವಕಾಚಾರಗಳಲ್ಲಿ ಬರುವ ಒಂದು ಕಪ್ಪೆಯ ಕಥೆ ಇಲ್ಲಿ ನೆನಪಾಗುತ್ತದೆ. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಜಿನಪೂಜೆಯ ಮಹಿಮೆಗೆ ಈ ಕಪ್ಪೆಯನ್ನೇ ದೃಷ್ಟಾಂತವಾಗಿ ಸೂಚಿಸಿದ್ದಾರೆ; ಕಥೆಯ ವಿಸ್ತಾರ ವ್ಯಾಖ್ಯಾನಗಳಲ್ಲಿದೆ. ರಾಜಗೃಹದಲ್ಲಿ ನಾಗದತ್ತನೆಂಬ ಶ್ರೇಷ್ಠಿಯಿದ್ದ. ಆರ್ತಧ್ಯಾನದಲ್ಲಿ ಸತ್ತ ಅವನು ತನ್ನದೇ ಮನೆಯಂಗಳದ ಬಾವಿಯಲ್ಲಿ ಕಪ್ಪೆಯಾಗಿ ಹುಟ್ಟಿದ. ಪೂರ್ವಜನ್ಮದ ಸ್ಮರಣೆ ಬಂದು, ನೀರಿಗೆ ಬಂದ ಹೆಂಡತಿಯನ್ನು ಕಂಡು ಹಾರಿ ಹಾರಿ ಅವಳ ಬಳಿಗೆ ಬರುತ್ತಿತ್ತು. ಮುನಿಗಳಿಂದ ಸಂಗತಿಯನ್ನು ತಿಳಿದ ಆಕೆ ಅದನ್ನು ಆದರದಿಂದ ನೋಡಿಕೊಂಡಳು. ಹೀಗಿರಲು ಭಗವಾನ್ ಮಹಾವೀರರ ಸಮವಸರಣ ರಾಜಗೃಹದ ಬಳಿಯ ಬೆಟ್ಟಕ್ಕೆ ಬಂದಿದೆಯೆಂಬ ಸುದ್ದಿ ಹಬ್ಬಿತು. ಮಹಾರಾಜ ಶ್ರೇಣಿಕ ಭೇರಿ ಹೊಡೆಸಿ, ಪರಿವಾರದೊಡನೆ ಆನೆಯೇರಿ ಹೊರಟ. ಕಪ್ಪೆಯೂ ಹೊರಟಿತು, ಬಾಯಲ್ಲಿ ಒಂದು ಹೂವನ್ನು ಕಚ್ಚಿಕೊಂಡು. ದಾರಿಯಲ್ಲಿ ಆನೆಯ ಕಾಲಡಿಗೆ ಸಿಕ್ಕಿತು. ಪೂಜೆಯ ಭಾವದಲ್ಲೇ ಪ್ರಾಣಬಿಟ್ಟ ಅದು ಸ್ವರ್ಗದಲ್ಲಿ ದೇವನಾಗಿ ಹುಟ್ಟಿ, ಮುಕುಟದಲ್ಲಿ ಕಪ್ಪೆಯ ಚಿಹ್ನೆಯನ್ನು ಧರಿಸಿ ಸಮವಸರಣಕ್ಕೆ ಬಂದಿತು. ಅದನ್ನು ಕಂಡು ಬೆರಗಾದ ಶ್ರೇಣಿಕ ಗೌತಮಸ್ವಾಮಿಗಳನ್ನು ಕೇಳಿ ಕಾರಣವನ್ನು ತಿಳಿದ.

ಬಸದಿಗಳಲ್ಲಿ ಈ ಕಥೆಯನ್ನು ಹೇಳುವಾಗ ಎಲ್ಲರೂ ಕಪ್ಪೆಯ ಭಕ್ತಿಯನ್ನು ಕೊಂಡಾಡುತ್ತಾರೆ. ಒಂದು ಹೂವಿನಿಂದಲೇ ಅಂಥ ಫಲವೆಂದರೆ, ಶುದ್ಧಭಾವದಿಂದ ಅಷ್ಟವಿಧಾರ್ಚನೆ ಮಾಡುವ ಮನುಷ್ಯನಿಗೆ ಎಂಥ ಫಲವಿರಬೇಕು ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಅದು ಸರಿಯೇ. ಆದರೆ ಕಥೆಯಲ್ಲಿ ಇನ್ನೊಂದು ಪಾತ್ರವಿದೆ: ಆನೆಯ ಕಾಲು. ಆ ಆನೆ ಬೇಟೆಗೆ ಹೊರಟದ್ದಲ್ಲ, ಯುದ್ಧಕ್ಕೆ ಹೊರಟದ್ದಲ್ಲ. ಜಿನದರ್ಶನಕ್ಕೇ ಹೊರಟದ್ದು. ಮೇಲೆ ಕುಳಿತವನೂ ಭಕ್ತ, ಕೆಳಗೆ ಸಿಕ್ಕದ್ದೂ ಭಕ್ತ. ಇಬ್ಬರ ಗಮ್ಯವೂ ಒಂದೇ. ಕಪ್ಪೆ ಸ್ವರ್ಗಕ್ಕೆ ಹೋದದ್ದು ಅದರ ಭಾವದಿಂದ. ಆನೆಯ ಕಾಲಿನ ಉಪಕಾರದಿಂದಲ್ಲ.

ಮಕರ ಸಂಕ್ರಮಣದ ಸಮಯದಲ್ಲಿ ಕುಂದಾದ್ರಿಗೆ ಭಕ್ತರ ದಂಡೇ ಬರುತ್ತದೆ. ಉಳಿದ ದಿನಗಳಲ್ಲೂ, ಅದರಲ್ಲೂ ರಜೆ ಬಂದರೆ, ಸೂರ್ಯೋದಯವನ್ನು ಬೆಟ್ಟದ ಮೇಲೆ, ಸೂರ್ಯಾಸ್ತವನ್ನು ಆಗುಂಬೆಯಲ್ಲಿ ನೋಡಬೇಕೆಂಬ ಪಯಣಿಗರ ವಾಹನಗಳು. ಈಗ ನೆತ್ತಿಯ ಹತ್ತಿರದವರೆಗೂ ರಸ್ತೆಯಿದೆ. ಅಲ್ಲಿಂದ ಮೆಟ್ಟಿಲು ಹತ್ತಿದರಾಯಿತು. ವೃದ್ಧರಿಗೆ, ಅಶಕ್ತರಿಗೆ ಇದರಿಂದ ಉಪಕಾರವಾಗಿದೆ; ಅದನ್ನು ಅಲ್ಲಗಳೆಯಬಾರದು. ಆದರೆ ಅಲ್ಲಿಗೆ ಬಂದವರಲ್ಲಿ ಎಷ್ಟೋ ಮಂದಿ ಬಸದಿಯ ಮುಂದೆ ನಿಂತು ಮೊಬೈಲ್ ಹಿಡಿದು, ನಾಲ್ಕು ಚಿತ್ರ ತೆಗೆದು, ಗಡಿಯಾರ ನೋಡಿ, ‘ಇನ್ನು ಹೊಂಬುಜಕ್ಕೆ ಹೋಗಬೇಕು, ಆಮೇಲೆ ವರಂಗ, ಸಂಜೆಗೆ ಕಾರ್ಕಳ’ ಎಂದು ಇಳಿಯುತ್ತಾರೆ. ಹೊಂಬುಜದಲ್ಲಿ ಪದ್ಮಾವತಿ ಅಮ್ಮನವರ ಸನ್ನಿಧಿಯಿದೆ, ಲಕ್ಕಿ ಮರವಿದೆ, ಚಟ್ಟಲದೇವಿ ೧೦೭೭ರಲ್ಲಿ ಕಟ್ಟಿಸಿದ ಪಂಚಬಸದಿಯಿದೆ. ಕಲ್ಲನ್ನು ಅಷ್ಟು ತಾಳ್ಮೆಯಿಂದ ಕಡೆದವರ ಕೆಲಸವನ್ನು ಐದು ನಿಮಿಷದಲ್ಲಿ ನೋಡಿ ಮುಗಿಸುವುದೂ ಒಂದು ಬಗೆಯ ಅವಿನಯವೇ.

ಯಾತ್ರಿಕರಿಗೆ ಒಂದು ಹಳೆಯ ಕ್ರಮ ಗೊತ್ತಿದ್ದರೆ ಒಳಿತು. ಪ್ರತಿಕ್ರಮಣದ ಏಳು ಭೇದಗಳಲ್ಲಿ ಐರ್ಯಾಪಥಿಕ ಪ್ರತಿಕ್ರಮಣವೆಂಬುದು ಒಂದು. ನಡೆದುಬಂದ ದಾರಿಯಲ್ಲಿ ತಿಳಿಯದೆ ತುಳಿದ, ನೋಯಿಸಿದ, ಸ್ಥಳ ಬದಲಿಸಿದ ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗಿನ ಜೀವಗಳನ್ನು ನೆನೆದು ಆ ದೋಷ ಮಿಥ್ಯೆಯಾಗಲೆಂದು ಪ್ರಾರ್ಥಿಸುವುದು. ದೇವವಂದನೆಗೆ ಮೊದಲು ಈರ್ಯಾಪಥಶುದ್ಧಿಯನ್ನು ಹೇಳುವ ವಾಡಿಕೆ ಇದರಿಂದಲೇ ಬಂದದ್ದು. ಅಂದರೆ ದೇವರ ಎದುರು ನಿಂತವನು ಮೊದಲು ತಾನು ಬಂದ ದಾರಿಯ ಲೆಕ್ಕವನ್ನು ಒಪ್ಪಿಸಬೇಕು. ನಾಲ್ಕು ಫರ್ಲಾಂಗು ನಡೆದು ಬಂದವನಿಗೆ ಅದು ಸಾಧ್ಯವಿತ್ತು. ಎಲ್ಲಿ ಇರುವೆ ಕಂಡಿತು, ಎಲ್ಲಿ ಹುಲ್ಲು ತುಳಿದದ್ದು ಎಂಬುದು ನೆನಪಿರುತ್ತಿತ್ತು. ಇನ್ನೂರು ಕಿಲೋಮೀಟರ್ ಹಿಂದಿಕ್ಕಿ ಬಂದವನು ಏನನ್ನು ನೆನೆದಾನು? ಗಾಜಿಗೆ ಬಡಿದ ಚಿಟ್ಟೆಗಳನ್ನೇ? ಪಾಠವನ್ನೇನೋ ನಾಲಗೆ ಒಪ್ಪಿಸುತ್ತದೆ. ನೆನಪಿಸಿಕೊಳ್ಳಲು ದಾರಿಯೇ ಇರುವುದಿಲ್ಲ.

ಮೇಗರವಳ್ಳಿಯ ಹೆಸರನ್ನು ಕನ್ನಡ ಓದುಗರು ಮರೆಯದಂತೆ ಮಾಡಿದವರು ಕುವೆಂಪು. ೧೯೬೭ರಲ್ಲಿ ಪ್ರಕಟವಾದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಈ ಊರು, ಇದರ ಸುತ್ತಲಿನ ಹಳ್ಳಿಗಳು, ಕಾಡುದಾರಿಗಳು ಜೀವಂತವಾಗಿವೆ. ಅಲ್ಲಿ ಜನ ನಡೆಯುತ್ತಾರೆ, ಕುಳಿತು ಎಲೆಅಡಿಕೆ ಹಾಕುತ್ತಾರೆ, ಮತ್ತೆ ನಡೆಯುತ್ತಾರೆ. ಕಾದಂಬರಿಯ ಮೊದಲಿಗೆ ಕವಿ ಓದುಗರನ್ನು ಉದ್ದೇಶಿಸಿ ಅವಸರ ಮತ್ತು ಸಾವಧಾನಗಳ ಬಗ್ಗೆ ಆಡಿದ ಮಾತು ಎಷ್ಟೋ ಮಂದಿಗೆ ಕಂಠಪಾಠ. ಅದನ್ನು ಫಲಕಗಳ ಮೇಲೂ ಆಮಂತ್ರಣ ಪತ್ರಿಕೆಗಳಲ್ಲೂ ಅಚ್ಚುಹಾಕಿಸುವವರಿದ್ದಾರೆ. ಅದೇ ಊರಿನ ಹೆದ್ದಾರಿಯಲ್ಲಿ ಹಾರ್ನ್ ಹೊಡೆಯುತ್ತ ಹೋಗುವವರಲ್ಲಿಯೂ ಅದನ್ನು ಬಾಯಿಪಾಠ ಹೇಳಬಲ್ಲವರು ಇದ್ದಾರು.

ಇಷ್ಟು ಹೇಳಿದ ಮಾತ್ರಕ್ಕೆ ಜೈನಧರ್ಮ ನಿಧಾನವನ್ನೇ ದೊಡ್ಡ ಗುಣವೆನ್ನುತ್ತದೆ ಎಂದು ತಿಳಿಯಬಾರದು. ಶಾಸ್ತ್ರ ಹೊಗಳುವುದು ಅಪ್ರಮಾದವನ್ನು, ನಿಧಾನವನ್ನಲ್ಲ. ಗೊಮ್ಮಟಸಾರದ ಜೀವಕಾಂಡದಲ್ಲಿ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಪ್ರಮಾದವನ್ನು ಹದಿನೈದಾಗಿ ಎಣಿಸಿದ್ದಾರೆ. ನಾಲ್ಕು ವಿಕಥೆಗಳು, ನಾಲ್ಕು ಕಷಾಯಗಳು, ಐದು ಇಂದ್ರಿಯಗಳು, ನಿದ್ರೆ, ಪ್ರಣಯ. ನಿದ್ರೆಯೂ ಆ ಪಟ್ಟಿಯಲ್ಲಿದೆ ಎಂಬುದನ್ನು ಗಮನಿಸಬೇಕು. ಮಲೆನಾಡಿನ ಜಡಿಮಳೆಯಲ್ಲಿ ಬೆಚ್ಚಗೆ ಕಂಬಳಿ ಹೊದ್ದು, ಮಾಡಬೇಕಾದ ಕೆಲಸವನ್ನು ನಾಳೆಗೆ ತಳ್ಳುವವನೂ ನಿಧಾನಿಯೇ. ಆದರೆ ಅವನು ಪ್ರಮತ್ತ. ಕಾಲೆಳೆದುಕೊಂಡು ನಡೆಯುತ್ತ, ಪಕ್ಕದವನೊಡನೆ ಹರಟುತ್ತ ಹುಲ್ಲಿನ ಮೇಲೆ ಹೆಜ್ಜೆಯಿಡುವವನ ನಡಿಗೆ ಎಷ್ಟು ಮೆಲ್ಲಗಿದ್ದರೂ ಈರ್ಯಾ ಸಮಿತಿಯಾಗದು. ಉರಿಯುವ ಮನೆಯಿಂದ ಮಗುವನ್ನು ಎತ್ತಿಕೊಂಡು ಓಡುವ ತಾಯಿಯ ವೇಗದಲ್ಲಿ ಎಚ್ಚರವಿರಬಹುದು. ವೇಗ ತಾನೇ ದೋಷವಲ್ಲ. ಆದರೆ ಎಚ್ಚರಕ್ಕೆ ತನ್ನದೇ ಆದ ಒಂದು ಗತಿಯಿದೆ. ಅದನ್ನು ಮೀರಿದರೆ ಎಷ್ಟು ಸದ್ಭಾವವಿದ್ದವನಿಗೂ ಎಚ್ಚರ ಹಿಂದೆ ಉಳಿಯುತ್ತದೆ.

ವಿಕಥೆಗಳ ಬಗ್ಗೆ ಒಂದು ಮಾತು. ಸ್ತ್ರೀಕಥೆ, ಭಕ್ತಕಥೆ, ರಾಷ್ಟ್ರಕಥೆ, ರಾಜಕಥೆ ಎಂದು ಅವುಗಳ ಹೆಸರು. ಇಲ್ಲಿ ಭಕ್ತವೆಂದರೆ ಅನ್ನ, ಊಟ-ತಿಂಡಿಯ ಮಾತು. ಪರಸ್ತ್ರೀಯರ ವರ್ಣನೆ, ತಿಂಡಿಯ ರುಚಿ, ದೇಶದೇಶಗಳ ಸುದ್ದಿ, ಆಳುವವರ ಜಗಳ. ಸಾವಿರ ವರ್ಷದ ಹಿಂದೆ ಮಾಡಿದ ಈ ಪಟ್ಟಿಯನ್ನು ಕೈಯಲ್ಲಿರುವ ಮೊಬೈಲಿನ ಪರದೆಯ ಪಕ್ಕದಲ್ಲಿಟ್ಟು ನೋಡಿದರೆ ಹೆಚ್ಚಿನ ವ್ಯಾಖ್ಯಾನ ಬೇಕಿಲ್ಲ. ಗೊಮ್ಮಟಸಾರಕ್ಕೆ ಕೇಶವವರ್ಣಿ ೧೩೫೯ರಲ್ಲಿ ಕನ್ನಡದಲ್ಲೇ ಟೀಕೆ ಬರೆದಿದ್ದಾನೆ. ಕನ್ನಡಿಗ ಶ್ರಾವಕರಿಗೆ ಈ ವಿಷಯ ಹೊಸದೇನಲ್ಲ.

ಇನ್ನೂ ಒಂದು ಸಂಗತಿ ಸಾಮಾನ್ಯರಿಗೆ ಧೈರ್ಯ ಕೊಡುವಂಥದ್ದು. ಹದಿನಾಲ್ಕು ಗುಣಸ್ಥಾನಗಳಲ್ಲಿ ಆರನೆಯದು ಪ್ರಮತ್ತಸಂಯತ, ಏಳನೆಯದು ಅಪ್ರಮತ್ತಸಂಯತ. ಮಹಾವ್ರತಗಳನ್ನು ಧರಿಸಿದ ಮುನಿಗಳೂ ಈ ಎರಡರ ನಡುವೆ, ಉಯ್ಯಾಲೆಯಂತೆ, ಅಂತರ್ಮುಹೂರ್ತಕ್ಕೊಮ್ಮೆ ಏರಿಳಿಯುತ್ತಿರುತ್ತಾರೆ ಎಂದು ಶಾಸ್ತ್ರ ಹೇಳುತ್ತದೆ. ಅಂತರ್ಮುಹೂರ್ತವೆಂದರೆ ೪೮ ನಿಮಿಷಕ್ಕಿಂತ ಕಡಮೆಯ ಅವಧಿ. ಸರ್ವವನ್ನೂ ತ್ಯಜಿಸಿ, ಪಿಂಛಿ-ಕಮಂಡಲುಗಳನ್ನು ಮಾತ್ರ ಉಳಿಸಿಕೊಂಡವರ ಎಚ್ಚರವೇ ಇಷ್ಟು ಹೊತ್ತಿನದು. ಅಡಿಕೆ ದರ, ಮಗಳ ಮದುವೆ, ಬ್ಯಾಂಕಿನ ಕಂತುಗಳ ನಡುವೆ ಇರುವ ಗೃಹಸ್ಥನ ಮನಸ್ಸು ಜಾರಿದರೆ ಅವನು ಕುಗ್ಗಬೇಕಾಗಿಲ್ಲ. ಜಾರಿದ್ದು ತಿಳಿದೊಡನೆ ಹಿಂದಿರುಗಿದರಾಯಿತು.

ಹಿಂದಿರುಗಲು ಅಭ್ಯಾಸಸ್ಥಳವೆಂದರೆ ಸಾಮಾಯಿಕ. ಅದರ ಕನಿಷ್ಠ ಕಾಲ ಎರಡು ಘಳಿಗೆ; ಘಳಿಗೆಗೆ ೨೪ ನಿಮಿಷದಂತೆ ೪೮ ನಿಮಿಷ. ಅಷ್ಟು ಹೊತ್ತು ಕುಳಿತಿರಲು ಮೊಣಕಾಲು ಬಿಡದು, ಮನಸ್ಸು ಬಿಡದು, ಮನೆಯವರೂ ಬಿಡರು ಎಂಬುದು ಎಲ್ಲರ ದೂರು. ಶಾಸ್ತ್ರಕಾರರಿಗೆ ಇದು ಗೊತ್ತಿತ್ತು. ಸಾಮಾಯಿಕದ ಐದು ಅತಿಚಾರಗಳಲ್ಲಿ ಮನ-ವಚನ-ಕಾಯಗಳ ಅಲೆದಾಟ ಮೂರು. ನಾಲ್ಕನೆಯದು ಅನಾದರ, ಅಂದರೆ ಹೇಗಾದರೂ ಮುಗಿದರೆ ಸಾಕೆಂಬ ಭಾವ. ಐದನೆಯದು ಮರೆವು, ಏನು ಹೇಳುತ್ತಿದ್ದೆ, ಎಲ್ಲಿಗೆ ಬಂದೆ ಎಂಬುದೇ ತಪ್ಪಿಹೋಗುವುದು. ಇವು ಇಂದಿನ ಕಾಯಿಲೆಗಳಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಪೂರ್ತಿ ಸಾಮಾಯಿಕ ಕಷ್ಟವೆನಿಸಿದವರಿಗೆ ಕಾಯೋತ್ಸರ್ಗವಿದೆ. ಒಂಬತ್ತು ಬಾರಿ ಣಮೋಕಾರ ಮಂತ್ರ, ಮಂತ್ರಕ್ಕೆ ಮೂರು ಉಸಿರು, ಒಟ್ಟು ೨೭ ಉಸಿರು. ಅರ್ಹಂತ-ಸಿದ್ಧರಿಗೆ ಒಂದು ಉಸಿರು, ಆಚಾರ್ಯ-ಉಪಾಧ್ಯಾಯರಿಗೆ ಒಂದು, ಸಾಧುಗಳಿಗೆ ಒಂದು. ಸಹಜವಾಗಿ ಉಸಿರಾಡಿದರೆ ಎರಡು-ಮೂರು ನಿಮಿಷ ಸಾಕು. ಬಸದಿಯಲ್ಲಿ ಅನೇಕರು ಇದನ್ನು ಅರ್ಧ ನಿಮಿಷದಲ್ಲಿ ಮುಗಿಸುವುದನ್ನು ನೋಡಬಹುದು; ಮಂತ್ರ ಒಂಬತ್ತೇ ಆಗಿರುತ್ತದೆ, ಉಸಿರು ಮಾತ್ರ ಇಪ್ಪತ್ತೇಳಾಗಿರುವುದಿಲ್ಲ.

ಎಚ್ಚರವೆಂಬುದು ಬಸದಿಯಲ್ಲಿ ಕಲಿತು ಅಡುಗೆಮನೆಯಲ್ಲಿ ನಡೆಸಬೇಕಾದ ವ್ಯವಹಾರ. ಮಲೆನಾಡಿನ ಹಳೆಯ ಜೈನ ಮನೆಗಳ ಹೆಂಗಸರಿಗೆ ಇದನ್ನು ಯಾರೂ ಪಾಠ ಹೇಳಬೇಕಿರಲಿಲ್ಲ. ಬಾವಿಯ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸುವುದು. ಸೋಸಿದ ಬಟ್ಟೆಯನ್ನು ಎಲ್ಲೋ ಒದರದೆ, ಅದರಲ್ಲಿ ಉಳಿದ ಜೀವಗಳನ್ನು ನೀರಿನೊಡನೆ ಅದೇ ಬಾವಿಗೆ ಮರಳಿ ಬಿಡುವುದು. ಮಳೆಗಾಲದ ಸೌದೆಯನ್ನು ಒಲೆಗಿಡುವ ಮುನ್ನ ನೆಲಕ್ಕೆ ತಟ್ಟಿ, ಒಳಗೆ ಗೆದ್ದಲೋ ಇರುವೆಯೋ ಇದ್ದರೆ ಹೊರಬರಲು ಬಿಡುವುದು. ಪಾತ್ರೆಯನ್ನು ಎತ್ತುವಾಗ, ಇಡುವಾಗ ಜಾಗವನ್ನು ನೋಡುವುದು. ಮುನಿಗಳ ಆದಾನ-ನಿಕ್ಷೇಪಣ ಸಮಿತಿಯ ಗೃಹಸ್ಥರೂಪವೇ ಇದು. ತೋಟದಿಂದ ಬಂದವರ ಕಾಲಿಗೆ ಹತ್ತಿದ ಇಂಬಳಕ್ಕೆ ಉಪ್ಪು ಸುರಿದರೆ ಅದು ಕರಗಿ ಸಾಯುತ್ತದೆ. ಉಗುರಿನಿಂದ ಮೆಲ್ಲಗೆ ಬಿಡಿಸಿ ಅಂಗಳದಾಚೆ ಎಸೆಯಲು ಅರ್ಧ ನಿಮಿಷ ಹೆಚ್ಚು ಬೇಕು. ಆ ಅರ್ಧ ನಿಮಿಷವಿದ್ದ ಮನೆಗಳು ಅವು. ಇಂದು ನಲ್ಲಿಗೆ ಫಿಲ್ಟರು ಬಂದಿದೆ, ಒಲೆಯ ಜಾಗಕ್ಕೆ ಗ್ಯಾಸ್ ಬಂದಿದೆ. ಕೆಲಸ ಹಗುರವಾದದ್ದು ಒಳ್ಳೆಯದೇ, ಅದರಲ್ಲೂ ಹೆಂಗಸರಿಗೆ. ಕೆಲಸದೊಡನೆ ಹೋದ ಎಚ್ಚರವನ್ನು ಮನೆಯವರೆಲ್ಲ ಸೇರಿ ಬೇರೆ ಕಡೆ ಬೆಳೆಸಿಕೊಂಡರೇ ಎಂಬುದು ಉಳಿಯುವ ಪ್ರಶ್ನೆ.

ಮಳೆಗಾಲದ ವಿಷಯದಲ್ಲಿ ಮುನಿಗಳ ಕ್ರಮ ಇನ್ನೂ ಸ್ಪಷ್ಟ. ಆಷಾಢದಿಂದ ಕಾರ್ತಿಕದವರೆಗಿನ ಚಾತುರ್ಮಾಸದಲ್ಲಿ ಅವರು ವಿಹಾರವನ್ನು ನಿಲ್ಲಿಸಿ ಒಂದೆಡೆ ನೆಲೆಸುತ್ತಾರೆ. ನೆಲವೆಲ್ಲ ಜೀವಮಯವಾದಾಗ ಎಷ್ಟು ಎಚ್ಚರದಿಂದ ನಡೆದರೂ ಸಾಲದು, ನಡೆಯದಿರುವುದೇ ದಯೆ ಎಂಬ ವಿವೇಕ ಅದು. ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯ ನೆರೆಯಲ್ಲಿರುವವರಿಗೆ ಈ ನಿಯಮದ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಗೃಹಸ್ಥನಿಗೆ ನಾಲ್ಕು ತಿಂಗಳು ಮನೆಯಲ್ಲಿ ಕೂರಲಾಗದು. ಅವನಿಗಾಗಿ ದೇಶವ್ರತವಿದೆ: ಇಷ್ಟು ದಿನ, ಅಥವಾ ಇಂದು ಒಂದು ದಿನ, ಈ ಹಳ್ಳದಾಚೆ ಹೋಗುವುದಿಲ್ಲ, ಈ ಊರಿನ ಗಡಿ ದಾಟುವುದಿಲ್ಲ ಎಂದು ತನ್ನ ಓಡಾಟಕ್ಕೆ ತಾನೇ ಎಲ್ಲೆ ಹಾಕಿಕೊಳ್ಳುವುದು. ಸಮಂತಭದ್ರರು ಅನರ್ಥದಂಡದ ಐದು ಬಗೆಗಳಲ್ಲಿ ಪ್ರಮಾದಚರ್ಯೆಯನ್ನು ಎಣಿಸುವಾಗ, ನಿಷ್ಪ್ರಯೋಜನವಾಗಿ ನೆಲ ಅಗೆಯುವುದು, ಗಿಡ ಕೀಳುವುದು ಮುಂತಾದವುಗಳೊಡನೆ, ಕೆಲಸವಿಲ್ಲದೆ ತಿರುಗಾಡುವುದನ್ನೂ ತಿರುಗಾಡಿಸುವುದನ್ನೂ ಸೇರಿಸಿದ್ದಾರೆ. ದಿನಕ್ಕೆ ನಾಲ್ಕು ಬಾರಿ ಪೇಟೆಗೆ ಹೋಗುವವನು ಸಾಮಾನಿನ ಚೀಟಿ ಬರೆದು ಒಮ್ಮೆ ಹೋಗಿಬಂದರೆ ಅದೂ ಒಂದು ದೇಶವ್ರತದ ಬೀಜ. ಅಷ್ಟಮಿ-ಚತುರ್ದಶಿಗಳಂದು ವಾಹನ ಹತ್ತುವುದಿಲ್ಲವೆಂದು ನಿಯಮ ಹಿಡಿದರೆ ತಿಂಗಳಿಗೆ ನಾಲ್ಕು ದಿನ ಆ ಮನೆಯ ಚಕ್ರಗಳು ನಿಂತಿರುತ್ತವೆ.

ಅನಸ್ತಮಿತ ವ್ರತವನ್ನೂ ಈ ಬೆಳಕಿನಲ್ಲಿ ನೋಡಬಹುದು. ಹೊತ್ತು ಮುಳುಗುವ ಮುನ್ನ ಊಟ ಮುಗಿಸುವ ನಿಯಮವನ್ನು ಸಾಮಾನ್ಯವಾಗಿ ಅನ್ನದೊಳಗೆ ಬೀಳುವ ಹುಳುಗಳ ಕಾರಣದಿಂದ ವಿವರಿಸುತ್ತಾರೆ, ಅದು ಸತ್ಯ. ಅದರ ಇನ್ನೊಂದು ಪರಿಣಾಮವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಸಂಜೆ ಆರೂವರೆಗೆ ಮನೆಯಲ್ಲಿ ಎಲೆಯ ಮುಂದೆ ಕೂರಬೇಕಾದವನು ಐದೂವರೆಗೇ ಪೇಟೆಯನ್ನು ಬಿಡಬೇಕು. ಊಟವಾಗಿ, ಕೈತೊಳೆದು, ದೀಪ ಹಚ್ಚಿ ಸಾಮಾಯಿಕಕ್ಕೆ ಕುಳಿತವನು ಕತ್ತಲಾದ ಮೇಲೆ ರಸ್ತೆಯ ಮೇಲಿರುವುದಿಲ್ಲ. ಮುನಿಗಳಿಗೆ ಹಗಲು ಮಾತ್ರ ನಡೆಯಬೇಕೆಂದು ಹೇಳಿದ ನಿಯಮಸಾರದ ಮಾತು, ಗೃಹಸ್ಥನ ಮನೆಗೆ ಊಟದ ಸಮಯದ ವೇಷದಲ್ಲಿ ಬಂದು ಸೇರಿಕೊಂಡಿದೆ.

ಮೇಗರವಳ್ಳಿಯ ಸುತ್ತ ಜೂನ್ ತಿಂಗಳ ಸಂಜೆ ಬೇಗ ಕಪ್ಪಾಗುತ್ತದೆ. ಆರೂಮುಕ್ಕಾಲಿಗೆಲ್ಲ ಮೋಡ ಕುಂದಾದ್ರಿಯ ನೆತ್ತಿಯನ್ನು ಮುಚ್ಚಿರುತ್ತದೆ. ಹೆಂಚಿನ ಮೇಲೆ ಮಳೆ ಬೀಳುವ ಸದ್ದು, ಅದರ ಹಿಂದೆ ಗದ್ದೆಯ ಕಡೆಯಿಂದ ವಟಗುಟ್ಟುವ ಸದ್ದು. ಅಂಗಳದಲ್ಲಿ ಜೀಪಿನ ಮೇಲೆ ಟಾರ್ಪಾಲು ಹೊದಿಸಿದೆ. ಒಳಗೆ ಯಾರೋ ಹಿರಿಯರು ಗೋಡೆಗೆ ಒರಗದೆ ನೆಟ್ಟಗೆ ನಿಂತು ಉಸಿರನ್ನು ಎಣಿಸುತ್ತಿದ್ದಾರೆ; ಹನ್ನೊಂದೋ ಹನ್ನೆರಡೋ ಎಂಬುದು ತಪ್ಪಿಹೋಗಿ, ಮತ್ತೆ ಒಂದರಿಂದ ತೊಡಗುತ್ತಾರೆ. ಹೊರಗೆ, ಗದ್ದೆಯ ಬದುವಿನಿಂದ ಮೊದಲ ಕಪ್ಪೆ ಡಾಂಬರಿನ ಅಂಚಿಗೆ ಬಂದು ಕುಳಿತಿದೆ.